ಠಾಕೂರನ ಎರಡು ತೀರ್ಪು

‘ಶೋಲೆ’ ಸಿನೆಮಾ ಹೇಗೆ ಮುಗಿಯುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಅದೂ ಒಂದು ಪ್ರಶ್ನೆಯೇ? ಕೈಗಳಿಲ್ಲದ ಠಾಕೂರ್ ಬಲದೇವ್ ಸಿಂಗ್ ಮೊಳೆ ಹೊಡೆದ ಜೋಡುಗಳಿಂದ ಗಬ್ಬರ್ ಸಿಂಗ್‌ನ ಕೈಗಳನ್ನು ತುಳಿದು ಹಣ್ಣು ಮಾಡುತ್ತಾನೆ. ಇನ್ನೇನು ಕೊಂದೇಬಿಡುತ್ತಾನೆ ಎನ್ನುವಾಗ ಪೊಲೀಸರು ಬರುತ್ತಾರೆ. ನೀವೂ ಒಮ್ಮೆ ಪೊಲೀಸ್ ಅಧಿಕಾರಿಯಾಗಿದ್ದವರು, ಶಿಕ್ಷೆ ಕೊಡುವುದು ಕಾನೂನಿನ ಕೆಲಸ ಎಂದು ನೆನಪಿಸುತ್ತಾರೆ. ಠಾಕೂರ್ ನಿಲ್ಲುತ್ತಾನೆ. ಗಬ್ಬರ್‌ನ ಕೈಗೆ ಬೇಡಿ ಬೀಳುತ್ತದೆ. ಮೂರು ತಲೆಮಾರಿನವರು ನೋಡಿದ ಕೊನೆ ಇದು.

ಆದರೆ ರಮೇಶ್ ಸಿಪ್ಪಿ ಮೊದಲು ಚಿತ್ರೀಕರಿಸಿದ ಕೊನೆ ಇದಲ್ಲ. ಅದರಲ್ಲಿ ಪೊಲೀಸರೇ ಇಲ್ಲ. ಯಾವ ಕಂಬಕ್ಕೆ ಕಟ್ಟಿ ತನ್ನ ತೋಳುಗಳನ್ನು ಕಡಿದಿದ್ದರೋ ಅದೇ ಜಾಗದಲ್ಲಿ ಠಾಕೂರ್ ಗಬ್ಬರ್‌ನನ್ನು ಒದ್ದು ಕೆಡವುತ್ತಾನೆ. ಕಂಬದಿಂದ ಹೊರಚಾಚಿದ ಮೊಳೆ ಗಬ್ಬರ್‌ನ ಬೆನ್ನಿಗೆ ನಾಟುತ್ತದೆ, ಅವನು ಸಾಯುತ್ತಾನೆ. ಆಮೇಲೆ ಠಾಕೂರ್ ಅಳುತ್ತಾನೆ. ಗೆದ್ದವನ ಅಳುವಲ್ಲ ಅದು, ಎಲ್ಲವೂ ಮುಗಿದುಹೋದವನ ಅಳು. ವೀರು ಬಂದು ಅವನನ್ನು ಸಮಾಧಾನ ಮಾಡುತ್ತಾನೆ. ಈ ಕೊನೆಯಿರುವ ಪ್ರತಿ ನಮ್ಮ ಚಿತ್ರಮಂದಿರಗಳಿಗೆ ವಿಧಿವತ್ತಾಗಿ ಬಂದದ್ದು 2025ರ ಡಿಸೆಂಬರ್ 12ರಂದು. ಚಿತ್ರ ಮೊದಲು ಬಿಡುಗಡೆಯಾದ 1975ರ ಆಗಸ್ಟ್ 15ರಿಂದ ಲೆಕ್ಕ ಹಾಕಿದರೆ ಐವತ್ತು ವರ್ಷ ದಾಟಿದ ಮೇಲೆ.

ಒಂದೇ ಕಥೆ, ಅದೇ ನಟರು, ಅದೇ ಬಂಡೆಗಳು. ಕೊನೆಯ ಕೆಲವು ನಿಮಿಷ ಮಾತ್ರ ಬೇರೆ. ಈ ಕೆಲವು ನಿಮಿಷಗಳಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ನನ್ನ ಮಟ್ಟಿಗೆ ಅದು ಬರೀ ಸಿನೆಮಾದ ಪ್ರಶ್ನೆಯಾಗಿ ಉಳಿದಿಲ್ಲ.

ಸಿನೆಮಾ ಲೋಕದಲ್ಲಿ ಇಂಥ ಪ್ರತಿಗೆ ‘ಡೈರೆಕ್ಟರ್ಸ್ ಕಟ್’ ಎನ್ನುತ್ತಾರೆ, ಅಂದರೆ ನಿರ್ದೇಶಕನ ಮನಸ್ಸಿನಲ್ಲಿದ್ದಂತೆ ಜೋಡಿಸಿದ ಪ್ರತಿ. ಥಿಯೇಟರಿಗೆ ಬರುವ ಪ್ರತಿಯಲ್ಲಿ ನಿರ್ದೇಶಕನೊಬ್ಬನ ಮಾತೇ ನಡೆಯುವುದಿಲ್ಲ. ದುಡ್ಡು ಹಾಕಿದವರಿಗೆ ದಿನಕ್ಕೆ ನಾಲ್ಕು ಆಟ ಆಗಬೇಕು, ಹಾಗಾಗಿ ಮೂರು ಗಂಟೆಯ ಚಿತ್ರ ಎರಡೂವರೆಗೆ ಇಳಿಯಬೇಕು. ಹಂಚಿಕೆದಾರರಿಗೆ ಜನ ಖುಷಿಯಿಂದ ಮನೆಗೆ ಹೋಗಬೇಕು. ಇನ್ನು ಸೆನ್ಸಾರ್ ಮಂಡಳಿಯ ಕತ್ತರಿ ಬೇರೆ. ಇವೆಲ್ಲ ದಾಟಿ ಬಂದದ್ದನ್ನು ನಾವು ನೋಡುತ್ತೇವೆ. ವರ್ಷಗಳು ಕಳೆದ ಮೇಲೆ, ಕೆಲವೊಮ್ಮೆ ನಿರ್ದೇಶಕನಿಗೆ ತನ್ನದೇ ಚಿತ್ರವನ್ನು ಮರಳಿ ಕಟ್ಟುವ ಅವಕಾಶ ಸಿಗುತ್ತದೆ.

ಹಾಲಿವುಡ್‌ನ ರಿಡ್ಲಿ ಸ್ಕಾಟ್ ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಪರಿಚಿತ ಹೆಸರು. ಅವರ ‘ಬ್ಲೇಡ್ ರನ್ನರ್’ 1982ರಲ್ಲಿ ತೆರೆಗೆ ಬಂದಾಗ ಜನರಿಗೆ ಅರ್ಥವಾಗಲಿಕ್ಕಿಲ್ಲವೆಂದು ನಾಯಕನ ಬಾಯಲ್ಲಿ ವಿವರಣೆ ಹೇಳಿಸಿ, ಕೊನೆಗೊಂದು ಸುಖಾಂತ್ಯ ಅಂಟಿಸಿದ್ದರು. 1992ರ ಪ್ರತಿಯಲ್ಲಿ ಆ ಎರಡನ್ನೂ ತೆಗೆದರು, ಚಿತ್ರವೇ ಬೇರೆಯಾಯಿತು. ಕ್ರೂಸೇಡ್ ಯುದ್ಧಗಳ ಕಾಲದ ಜೆರುಸಲೇಮಿನ ಕಥೆ ಹೇಳುವ ‘ಕಿಂಗ್‌ಡಮ್ ಆಫ್ ಹೆವನ್’ 2005ರಲ್ಲಿ ಬಂದಾಗ 144 ನಿಮಿಷವಿತ್ತು. ಸಿರಿಯಾದ ನಟ ಘಸ್ಸಾನ್ ಮಸ್ಊದ್ ಸುಲ್ತಾನ್ ಸಲಾಹುದ್ದೀನ್‌ನ ಪಾತ್ರ ಮಾಡಿದ್ದ ಆ ಚಿತ್ರವನ್ನು ನಮ್ಮ ಓದುಗರಲ್ಲೂ ಹಲವರು ನೋಡಿರಬಹುದು. ಅದರಲ್ಲಿ ರಾಣಿ ಸಿಬಿಲ್ಲಾ ಕೊನೆಗೆ ಮಂಕು ಬಡಿದವಳಂತೆ ಕೂದಲು ಕತ್ತರಿಸಿಕೊಳ್ಳುತ್ತಾಳೆ, ಏಕೆಂದು ತಿಳಿಯುವುದಿಲ್ಲ. ಮರುವರ್ಷ ಬಂದ 194 ನಿಮಿಷದ ಪ್ರತಿಯಲ್ಲಿ ಕಾರಣ ಸಿಗುತ್ತದೆ. ಅವಳಿಗೊಬ್ಬ ಪುಟ್ಟ ಮಗನಿದ್ದಾನೆ, ಅವನು ಪಟ್ಟಕ್ಕೇರುತ್ತಾನೆ, ಸೋದರಮಾವನಿಗಿದ್ದ ಕುಷ್ಠ ಅವನಿಗೂ ತಗುಲಿದ್ದು ಗೊತ್ತಾಗುತ್ತದೆ. ಸೋದರ ಬೆಂದ ಹಾಗೆ ಮಗ ಬೇಯಬಾರದೆಂದು ತಾಯಿಯೇ ಅವನಿಗೆ ವಿಷ ಹಾಕುತ್ತಾಳೆ. ಇತಿಹಾಸದ ಆ ಬಾಲರಾಜನಿಗೆ ಕುಷ್ಠವಿತ್ತೆಂದು ಹೇಳಲು ಆಧಾರವಿಲ್ಲ, ಅದು ಕಥೆಗಾರರ ಕಲ್ಪನೆ. ಆದರೆ ಚಿತ್ರದೊಳಗೆ ಆ ಮಗುವನ್ನು ಕತ್ತರಿಸಿದ್ದರಿಂದ ತಾಯಿಯೊಬ್ಬಳು ಬರೀ ಚಂಚಲೆಯಾಗಿ ಕಂಡಳು.

ಹಾಗೆಂದು ನಿರ್ದೇಶಕನ ಪ್ರತಿ ಯಾವಾಗಲೂ ಉದ್ದ, ಯಾವಾಗಲೂ ಉತ್ತಮ ಎಂದೇನಿಲ್ಲ. ಅದೇ ಸ್ಕಾಟ್ ಅವರ ‘ಏಲಿಯನ್’ ಚಿತ್ರದ 2003ರ ಪ್ರತಿ ಮೂಲಕ್ಕಿಂತ ಸ್ವಲ್ಪ ಗಿಡ್ಡ. ‘ಗ್ಲಾಡಿಯೇಟರ್’ನ ಉದ್ದದ ಪ್ರತಿ ಬಂದಾಗ, ಥಿಯೇಟರಿನಲ್ಲಿ ಬಂದದ್ದೇ ತನ್ನ ನಿಜವಾದ ಪ್ರತಿ ಎಂದು ಸ್ವತಃ ಅವರೇ ಹೇಳಿದರು. ಡಿವಿಡಿ ಮಾರುವವರಿಗೆ ‘ಡೈರೆಕ್ಟರ್ಸ್ ಕಟ್’ ಎಂಬ ಹೆಸರು ಒಳ್ಳೆಯ ವ್ಯಾಪಾರವೂ ಹೌದು.

ಈ ಎಲ್ಲ ಉದಾಹರಣೆಗಳಿಗಿಂತ ‘ಶೋಲೆ’ಯ ಪ್ರಕರಣ ಬೇರೆ. ಇಲ್ಲಿ ಕೊನೆ ಬದಲಾಯಿಸಿದ್ದು ವ್ಯಾಪಾರಿಗಳಲ್ಲ, ಸರಕಾರ. ಚಿತ್ರ ಸೆನ್ಸಾರ್‌ಗೆ ಹೋದ ಕಾಲವನ್ನು ಗಮನಿಸಬೇಕು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಣೆಯಾಗಿತ್ತು. ಚಿತ್ರದ ಬಿಡುಗಡೆಗೆ ಎರಡು ತಿಂಗಳೂ ಉಳಿದಿರಲಿಲ್ಲ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬ ಕಾನೂನನ್ನು ಕೈಗೆತ್ತಿಕೊಂಡು ಕೊಲೆ ಮಾಡುವುದನ್ನು ತೋರಿಸಿದರೆ ಜನ ದಾರಿ ತಪ್ಪುತ್ತಾರೆ ಎಂಬುದು ಸೆನ್ಸಾರ್ ಮಂಡಳಿಯ ಆಕ್ಷೇಪವಾಗಿತ್ತು. ಸಿಪ್ಪಿ ವಾದಿಸಿದರು, ಫಲವಾಗಲಿಲ್ಲ. ಸೋವಿಯತ್ ಒಕ್ಕೂಟಕ್ಕೆ ಹೋಗಿದ್ದ ಸಂಜೀವ್ ಕುಮಾರ್ ಅವರನ್ನು ಕರೆಸಿ, ರಾಮನಗರದಲ್ಲಿ ಕೊನೆಯನ್ನು ಮತ್ತೆ ಚಿತ್ರೀಕರಿಸಲಾಯಿತು.

ಹೀಗೆ ಕಾನೂನಿನ ಪಾಠ ಹೇಳಿದ ಆ ಸರಕಾರ ಸ್ವತಃ ಮಾಡುತ್ತಿದ್ದುದೇನು? ಜೂನ್ 27ರ ರಾಷ್ಟ್ರಪತಿ ಆದೇಶದಿಂದ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ದಾರಿಯೇ ಮುಚ್ಚಿಹೋಗಿತ್ತು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿತ್ತು. ಅಧಿಕಾರಸ್ಥರನ್ನು ಗೇಲಿ ಮಾಡಿದ್ದ ‘ಕಿಸ್ಸಾ ಕುರ್ಸಿ ಕಾ’ ಎಂಬ ಚಿತ್ರದ ನೆಗೆಟಿವ್‌ಗಳನ್ನೇ ಸುಟ್ಟುಹಾಕಲಾಯಿತು. ಅದಕ್ಕೆ ಮರಳಿ ಕಟ್ಟಲು ಒಂದು ತುಣುಕೂ ಉಳಿಯದೆ, 1978ರಲ್ಲಿ ಹೊಸದಾಗಿಯೇ ತಯಾರಿಸಬೇಕಾಯಿತು. ದಿಲ್ಲಿಯ ತುರ್ಕ್‌ಮಾನ್ ಗೇಟ್‌ನಲ್ಲಿ 1976ರ ಏಪ್ರಿಲ್‌ನಲ್ಲಿ ಬಡ ಮುಸ್ಲಿಮರ ಮನೆಗಳ ಮೇಲೆ ಬುಲ್ಡೋಜರ್ ಹರಿಯಿತು. ರಾಮನಗರದಿಂದ ಸುಮಾರು ಐವತ್ತು ಕಿಲೋಮೀಟರ್ ದೂರದ ಬೆಂಗಳೂರು ಸೆರೆಮನೆಯಲ್ಲಿ, ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮಗೆಲ್ಲ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿ ಅವರನ್ನು ತಿಂಗಳುಗಟ್ಟಲೆ ಕೂಡಿಹಾಕಿದರು. ಉಬ್ಬಸದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ತೆರೆಯ ಮೇಲೆ ಒಬ್ಬ ಡಕಾಯಿತನಿಗೂ ವಿಚಾರಣೆಯ ಹಕ್ಕಿತ್ತು, ತೆರೆಯಾಚೆ ಒಬ್ಬ ಕಲಾವಿದೆಗೆ ಇರಲಿಲ್ಲ.

ಬಂಧಿತನನ್ನು ನ್ಯಾಯಾಲಯದ ಮುಂದೆ ತನ್ನಿ ಎಂದು ಕೇಳುವ ಹಕ್ಕೂ ಪ್ರಜೆಗಿಲ್ಲ ಎಂದು ಸುಪ್ರೀಂ ಕೋರ್ಟ್ 1976ರ ಏಪ್ರಿಲ್ 28ರಂದು ತೀರ್ಪಿತ್ತಿತು. ಐವರಲ್ಲಿ ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಮೊಕದ್ದಮೆಯನ್ನು ವಕೀಲರು ಇಂದಿಗೂ ‘ಜಬಲ್‌ಪುರ ಕೇಸ್’ ಎಂದೇ ಕರೆಯುತ್ತಾರೆ. ‘ಶೋಲೆ’ಯಲ್ಲಿ ಇಮಾಮ್ ಸಾಹೇಬರ ಮಗ ಅಹ್ಮದ್ ಬೀಡಿ ಕಾರ್ಖಾನೆಯ ಕೆಲಸಕ್ಕೆಂದು ಹೊರಟದ್ದು ಕೂಡ ಜಬಲ್‌ಪುರಕ್ಕೇ. ಕಾಕತಾಳೀಯವೇ ಇರಬಹುದು. ಅಹ್ಮದ್ ಅಲ್ಲಿಗೆ ತಲುಪಲಿಲ್ಲ.

ಇಷ್ಟೆಲ್ಲ ನಾನು ಬರೆಯುವುದಕ್ಕೆ ರಾಮನಗರದ ಋಣವೂ ಒಂದು ಕಾರಣ. ನಾನು ಬೆಳೆದದ್ದು ಪಕ್ಕದ ಚನ್ನಪಟ್ಟಣದಲ್ಲಿ. ಅಮ್ಮಿಯ ತಮ್ಮ, ನನ್ನ ಮಾಮು, ರಾಮನಗರದಲ್ಲಿ ರೇಷ್ಮೆ ಬಿಚ್ಚಾಣಿಕೆ ಮಾಡುತ್ತಿದ್ದ ಕುಟುಂಬದವರು. 1973ರ ಅಕ್ಟೋಬರ್‌ನಲ್ಲಿ ಚಿತ್ರೀಕರಣ ಶುರುವಾದಾಗ ಅವರಿಗೆ ಹದಿನಾಲ್ಕು ವರ್ಷ. ಗೂಡಿನ ಮಾರುಕಟ್ಟೆಗೆ ಹೋಗಿ ಬರುತ್ತೇನೆಂದು ಹೇಳಿ ರಾಮದೇವರ ಬೆಟ್ಟದ ಕಡೆ ಸೈಕಲ್ ಹೊಡೆಯುತ್ತಿದ್ದರಂತೆ. ಬಯಲಲ್ಲಿ ಒಂದು ಊರೇ ಎದ್ದಿತ್ತು, ದೇವಸ್ಥಾನ, ಮಸೀದಿ, ನೀರಿನ ಟ್ಯಾಂಕ್ ಎಲ್ಲ ಇತ್ತು, ಆದರೆ ಗೋಡೆ ತಟ್ಟಿದರೆ ಡಬಡಬ ಸದ್ದು ಬರುತ್ತಿತ್ತು ಎಂದು ಈಗಲೂ ಹೇಳುತ್ತಾರೆ. ಎರಡು ವರ್ಷದ ಮೇಲೆ ಸಿನೆಮಾದವರು ಮತ್ತೆ ಬಂದಿದ್ದಾರಂತೆ ಎಂಬ ಸುದ್ದಿ ಹಬ್ಬಿತಾದರೂ ಏಕೆ ಬಂದರೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ಕಾರಣ ಹೇಳಬಹುದಾದ ಪತ್ರಿಕೆಗಳೇ ಆಗ ಬಾಯಿ ಬಿಡುವಂತಿರಲಿಲ್ಲ.

ನಾನು ‘ಶೋಲೆ’ಯನ್ನು ನೋಡುವ ಮೊದಲು ಕೇಳಿದೆ. ಅದರ ಸಂಭಾಷಣೆಗಳ ಗ್ರಾಮಫೋನ್ ತಟ್ಟೆ ಬಂದಿತ್ತು, ಮದುವೆ ಮನೆಯ ಮೈಕಿನಲ್ಲಿ ಹಾಡಿನ ಬದಲು ಗಬ್ಬರ್‌ನ ಮಾತು ಹಾಕುತ್ತಿದ್ದರು. ಎಂಬತ್ತರ ದಶಕದಲ್ಲಿ ಟೆಂಟಿನಲ್ಲಿ ಹೆಂಗಸರ ಕಡೆ ಅಮ್ಮಿಯ ಪಕ್ಕ ಕುಳಿತು ನೋಡಿದೆ. ತೊಂಬತ್ತರ ದಶಕದಲ್ಲಿ, ದುಬೈಯಿಂದ ಬಂದ ಬಂಧುವೊಬ್ಬರು ತಂದಿದ್ದ ವಿಡಿಯೋ ಕ್ಯಾಸೆಟ್‌ನಲ್ಲಿ ಮೊದಲ ಬಾರಿ ಗಬ್ಬರ್ ಸಾಯುವುದನ್ನು ನೋಡಿದೆ. 1990ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದಿದ್ದ ಪ್ರತಿಯ ನಕಲು ಅದು. ಆಮೇಲೆ ಡಿವಿಡಿಗಳು ಬಂದವು, ಒಂದು 198 ನಿಮಿಷದ್ದು, ಇನ್ನೊಂದು 204 ನಿಮಿಷದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಆಗಿನಿಂದ ಸಾಧ್ಯವಾಯಿತು.

ಹಾಗೆ ನೋಡಿದಾಗ ಮೊದಲು ಗಮನಕ್ಕೆ ಬರುವುದು ಒಂದು ವಿಚಿತ್ರ. ಸೇಡು ತಪ್ಪು ಎಂದು ಕಲಿಸಲು ಸೆನ್ಸಾರ್ ಮಂಡಳಿ ಕೊನೆಯನ್ನು ಬದಲಿಸಿತು. ಆದರೆ ಬದಲಾದ ಕೊನೆ ಸೇಡಿನ ಬಗ್ಗೆ ಏನನ್ನೂ ಕಲಿಸುವುದಿಲ್ಲ. ಠಾಕೂರ್‌ನ ಕಾಲು ಗಬ್ಬರ್‌ನ ಕುತ್ತಿಗೆಯ ಹತ್ತಿರ ಬಂದಿರುವಾಗ ತಡೆ ಬೀಳುತ್ತದೆ. ನೋಡುವವನ ಒಳಗಿನ ಸೇಡಿನ ಆಸೆ ಹಾಗೇ ಉಳಿಯುತ್ತದೆ, ಹಸಿವು ತೀರದೆ ಎಲೆಯ ಮುಂದಿನಿಂದ ಎಬ್ಬಿಸಿದಂತೆ. ಟೆಂಟಿನಲ್ಲಿ ಆ ಪೊಲೀಸರಿಗೆ ಜನ ಹಾಕುತ್ತಿದ್ದ ಶಾಪ ನನಗೆ ನೆನಪಿದೆ.

ಮೊದಲಿನ ಕೊನೆ ಹಾಗಲ್ಲ. ಅದು ಸೇಡನ್ನು ತೀರಿಸುತ್ತದೆ, ತೀರಿದ ಮೇಲೆ ಏನಾಗುತ್ತದೆಂದೂ ತೋರಿಸುತ್ತದೆ. ಇಬ್ಬರು ಗಂಡುಮಕ್ಕಳು, ಮಗಳು, ಸೊಸೆ, ಮೊಮ್ಮಗ ಯಾರೂ ಎದ್ದು ಬರುವುದಿಲ್ಲ. ಕಡಿದ ತೋಳು ಚಿಗುರುವುದಿಲ್ಲ. ಅಳುವಾಗ ಕಣ್ಣೊರೆಸಿಕೊಳ್ಳಲು ಅವನಿಗೆ ಕೈಯೂ ಇಲ್ಲ. ಇಷ್ಟು ವರ್ಷ ಅವನನ್ನು ನಿಲ್ಲಿಸಿದ್ದು ಒಂದೇ ಆಸೆ, ಅದು ಈಡೇರಿದ ಕೂಡಲೇ ಅವನು ಕುಸಿಯುತ್ತಾನೆ. ಕೊಂದ ಮೇಲಿನ ಈ ಖಾಲಿತನಕ್ಕೆ ಪೊಲೀಸರು ಬರುವ ಪ್ರತಿಯಲ್ಲಿ ಜಾಗವೇ ಇಲ್ಲ, ಏಕೆಂದರೆ ಅಲ್ಲಿ ಕೊಲೆಯೇ ನಡೆದಿಲ್ಲ. ಹಿಂಸೆಯನ್ನು ತೆಗೆಯಲು ಹೋದ ಕತ್ತರಿ ಹಿಂಸೆಯ ವಿರುದ್ಧ ಆ ಚಿತ್ರದಲ್ಲಿದ್ದ ಬಲವಾದ ಮಾತನ್ನೇ ತೆಗೆದುಹಾಕಿತು.

ಆದರೆ ಕತ್ತರಿ ಬಿದ್ದದ್ದೆಲ್ಲ ನಷ್ಟವೇ ಎಂದರೆ ಅದೂ ಸರಿಯಲ್ಲ. ಅಹ್ಮದ್‌ನನ್ನು ಗಬ್ಬರ್ ಕೊಲ್ಲುವ ದೃಶ್ಯವನ್ನೂ ಚಿತ್ರೀಕರಿಸಿದ್ದರು, ಅದು ತೆರೆಗೆ ಬರಲಿಲ್ಲ. ಬಂದದ್ದು ಇಷ್ಟೇ: ಗಬ್ಬರ್ ಮಲಗಿದ್ದಾನೆ, ತೋಳಿನ ಮೇಲೆ ಇರುವೆ ಹರಿಯುತ್ತಿದೆ, ಅದನ್ನು ನೋಡುತ್ತಾನೆ, ಹೊಡೆದು ಸಾಯಿಸುತ್ತಾನೆ. ಮುಂದೆ ಕುದುರೆಯ ಮೇಲೆ ಶವ ಬರುತ್ತದೆ. ಆ ಹುಡುಗನ ಸಾವು ಗಬ್ಬರ್‌ಗೆ ಒಂದು ಇರುವೆಯಷ್ಟೇ ಎಂಬುದು ರಕ್ತ ತೋರಿಸಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಠಾಕೂರನ ಮೊಮ್ಮಗನ ಮೇಲೆ ಗಬ್ಬರ್ ಬಂದೂಕು ಎತ್ತುವುದೂ ಹಾಗೆಯೇ. ಸದ್ದು ಕೇಳುತ್ತದೆ, ಮರುಕ್ಷಣವೇ ಠಾಕೂರ್ ಬರುವ ರೈಲು. ಮಗುವಿಗೇನಾಯಿತೆಂದು ನಮ್ಮ ಎದೆಯೇ ಹೇಳುತ್ತದೆ. ಆ ವರ್ಷದ ಫಿಲ್ಮ್‌ಫೇರ್ ಪ್ರಶಸ್ತಿಗಳಲ್ಲಿ ಈ ಚಿತ್ರಕ್ಕೆ ದಕ್ಕಿದ್ದು ಒಂದೇ, ಅದು ಸಂಕಲನಕಾರ ಎಂ. ಎಸ್. ಶಿಂಧೆಯವರಿಗೆ.

ನನಗೆ ಇಂದಿಗೂ ಕೊರತೆಯೆನಿಸುವುದು ಒಂದು ಕವ್ವಾಲಿ. ಮನ್ನಾ ಡೇ, ಕಿಶೋರ್ ಕುಮಾರ್, ಭೂಪಿಂದರ್ ಅವರೊಂದಿಗೆ ಗೀತೆ ಬರೆದ ಆನಂದ್ ಬಕ್ಷಿ ಸ್ವತಃ ದನಿಗೂಡಿಸಿದ್ದರು. ಧ್ವನಿಮುದ್ರಣವಾಯಿತು, ಚಿತ್ರ ಉದ್ದವಾಗುತ್ತದೆಂದು ಚಿತ್ರೀಕರಣವೇ ಆಗಲಿಲ್ಲ. ಚಿತ್ರೀಕರಿಸದೇ ಇದ್ದದ್ದನ್ನು ಯಾವ ನಿರ್ದೇಶಕನೂ ಮರಳಿ ತರಲಾರ.

2025ರ ಪ್ರತಿಯ ಕಥೆಯೂ ಒಂದು ಸಿನೆಮಾದಂತಿದೆ. ಮೂಲ ನೆಗೆಟಿವ್ ಹಾಳಾಗಿತ್ತು. ಥಿಯೇಟರುಗಳಲ್ಲಿ ಮೆರೆದ 70 ಎಂ.ಎಂ. ಪ್ರತಿಗಳಲ್ಲಿ ಒಂದೂ ಉಳಿದಿರಲಿಲ್ಲ. ಬ್ರಿಟನ್ನಿನ ಗೋದಾಮೊಂದರಲ್ಲಿ ಮರೆತುಹೋಗಿದ್ದ ಸುರುಳಿಗಳು ಸಿಕ್ಕವು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್ ಸೇರಿ ಇಟಲಿಯ ಬೊಲೋನ್ಯಾದಲ್ಲಿ ಅವನ್ನು ಶುಚಿ ಮಾಡಿಸಿ ಜೋಡಿಸಿದರು. 2025ರ ಜೂನ್ 27ರಂದು ಅದೇ ಊರಿನ ಚೌಕದಲ್ಲಿ, ಬಯಲಿನಲ್ಲಿ ಕುಳಿತ ಜನರಿಗೆ ಮೊದಲ ಪ್ರದರ್ಶನವಾಯಿತು. ಇಲ್ಲಿ ಬಿಡುಗಡೆಯಾಗಲು ಮೂರು ವಾರವೂ ಉಳಿದಿರದಾಗ ವೀರು ಪಾತ್ರಧಾರಿ ಧರ್ಮೇಂದ್ರ ತೀರಿಕೊಂಡಿದ್ದರು.

ಆ ಪ್ರತಿಯನ್ನು ನಾವು ಬೆಂಗಳೂರಿನಲ್ಲಿ ಮೂವರು ಕೂಡಿ ನೋಡಿದೆವು. ಮಾಮು, ನಾನು, ಮತ್ತು ಕಾನೂನು ಓದುತ್ತಿರುವ ನನ್ನ ಮಗಳು. ಮೂರೂವರೆ ಗಂಟೆ ಮಂಡಿನೋವಿನ ಮಾಮು ಅಲುಗಾಡಲಿಲ್ಲ. ಗಬ್ಬರ್ ಸತ್ತಾಗ ಥಿಯೇಟರಿನಲ್ಲಿ ಶಿಳ್ಳೆ, ಚಪ್ಪಾಳೆ. ಠಾಕೂರ್ ಅಳಲು ಶುರುಮಾಡಿದಾಗ ಅದು ತಾನಾಗಿ ನಿಂತಿತು.

ಹೊರಗೆ ಬಂದು ಚಹಾ ಕುಡಿಯುವಾಗ ಮಾಮು, “ಹಳೆಯದೇ ಸರಿ. ಪೊಲೀಸರು ಬರಬೇಕಿತ್ತು” ಎಂದರು.

ಮಗಳಿಗೆ ಆಶ್ಚರ್ಯ. “ನಾನಾ, ಇಡೀ ಸಿನೆಮಾದಲ್ಲಿ ಪೊಲೀಸರು ಎಲ್ಲಿದ್ದರು? ಅಹ್ಮದ್ ಸತ್ತಾಗ ಬರಲಿಲ್ಲ, ಹೋಳಿಯ ದಿನ ಊರಿಗೆ ದಾಳಿಯಾದಾಗ ಬರಲಿಲ್ಲ. ಎಲ್ಲ ಮುಗಿದ ಮೇಲೆ ಠಾಕೂರ್‌ಗೆ ಬುದ್ಧಿ ಹೇಳಲು ಬರುತ್ತಾರೆ. ನಾನು ಕಾನೂನು ಓದುತ್ತಿರುವುದರಿಂದಲೇ ಹೇಳುತ್ತಿದ್ದೇನೆ, ಆ ಕೊನೆ ಸುಳ್ಳು” ಎಂದಳು.

ಮಾಮು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಏಕೆ ಹಾಗೆ ಹೇಳಿದರೆಂದು ನನಗೆ ಗೊತ್ತಿತ್ತು. ತೊಂಬತ್ತರ ದಶಕದಲ್ಲಿ ಬೇರೊಂದು ಊರಿನಲ್ಲಿ ಅವರು ಪಾಲುದಾರರಾಗಿದ್ದ ನೂಲಿನ ಅಂಗಡಿ ಗಲಭೆಯಲ್ಲಿ ಸುಟ್ಟುಹೋಯಿತು. ಬೆಂಕಿ ಹಚ್ಚಿದವರಲ್ಲಿ ಇಬ್ಬರ ಗುರುತು ಅವರಿಗಿತ್ತು. ನಮ್ಮ ಹುಡುಗರು ಕೆಲವರು ರಾತ್ರಿ ಮನೆಗೆ ಬಂದು, ಒಂದು ಮಾತು ಹೇಳಿ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದಿದ್ದರು. ಮಾಮು ಅವರಿಗೆ ಊಟ ಹಾಕಿ ಕಳಿಸಿದರು, ಬೆಳಿಗ್ಗೆ ಹೋಗಿ ದೂರು ಕೊಟ್ಟರು. ಕೇಸು ಹನ್ನೊಂದು ವರ್ಷ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು, ಎಲ್ಲರೂ ಬಿಡುಗಡೆಯಾದರು.

“ನನಗೆ ನ್ಯಾಯ ಸಿಗಲಿಲ್ಲ ಬೇಟಿ, ಅದು ನಿಜ,” ಎಂದರು ಮಾಮು. “ಆದರೆ ಅವತ್ತು ಆ ಹುಡುಗರನ್ನು ಕಳಿಸಿದ್ದರೆ ಅವರಲ್ಲಿ ಯಾರೂ ಈಗ ಮಕ್ಕಳು ಮರಿ ಅಂತ ಇರುತ್ತಿರಲಿಲ್ಲ. ಪೊಲೀಸರು ಬರುವುದಿಲ್ಲ ಅಂತ ನನಗೂ ಗೊತ್ತು. ಬರಲೇಬೇಕು ಅಂತ ಸಿನೆಮಾದಲ್ಲಾದರೂ ಯಾರಾದರೂ ಹೇಳಬೇಕಲ್ಲ?”

ಮಗಳು ವಾದ ಬಿಡಲಿಲ್ಲ. “ಹೇಳಲಿ ನಾನಾ, ಆದರೆ ಹೇಳಿಸಿದವರು ಯಾರು? ಜನರನ್ನು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರು.”

ಇಬ್ಬರ ಮಾತನ್ನೂ ನಾನು ತೂಗುತ್ತಲೇ ಇದ್ದೇನೆ. ಅಧಿಕಾರದಲ್ಲಿರುವವರು ಬಲವಂತದಿಂದ ಅಂಟಿಸಿದ ಕೊನೆ ಕಾನೂನಿನ ಗೆಲುವಾಗುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸಿಪ್ಪಿ ತಾನು ಕಟ್ಟಿದ್ದನ್ನು ಜನರ ಮುಂದಿಡಲು ಬಿಡಬೇಕಿತ್ತು. ಆದರೆ ಮಾಮುವಿನ ಆತಂಕ ಇಂದಿನದು. 2019ರ ಡಿಸೆಂಬರ್ 6ರಂದು ಹೈದರಾಬಾದ್ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಆ ಪೊಲೀಸರ ಮೇಲೆ ಹೂವಿನ ಎಸಳು ಸುರಿದರು. ಅದು ಆತ್ಮರಕ್ಷಣೆಯ ಗುಂಡಲ್ಲ, ಕೊಲ್ಲುವ ಉದ್ದೇಶದ ಗುಂಡು ಎಂದು ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೇಳಿತು. ಅಷ್ಟರಲ್ಲಿ ಹೂವು ಒಣಗಿಹೋಗಿತ್ತು. ಆರೋಪಿಯ ಮನೆಯನ್ನು ಬುಲ್ಡೋಜರ್‌ನಿಂದ ಕೆಡವುವುದು ಕೂಡ ತೀರ್ಪಿನಂತೆ ನಡೆಯತೊಡಗಿತು. ಅಧಿಕಾರಿಗಳು ನ್ಯಾಯಾಧೀಶರಾಗಲು ಸಾಧ್ಯವಿಲ್ಲ ಎಂದು 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಬೇಕಾಯಿತು. ಗಬ್ಬರ್ ಸತ್ತಾಗ ಬಿದ್ದ ಚಪ್ಪಾಳೆ ಈ ಚಪ್ಪಾಳೆಗಳ ಬಳಗಕ್ಕೆ ಸೇರಿದ್ದೇ? ಹಾಗಾಗದಂತೆ ನೋಡಿಕೊಳ್ಳುವುದು ಠಾಕೂರನ ಅಳು. ಚಪ್ಪಾಳೆಗೇ ಎದ್ದು ಹೊರಟವರಿಗೆ ಅದು ಕೇಳುವುದಿಲ್ಲ.

ಇನ್ನೊಂದು ಯೋಚನೆಯೂ ಬರುತ್ತದೆ. ಎರಡೂ ಪ್ರತಿಗಳಲ್ಲಿ ಯಾವ ವ್ಯತ್ಯಾಸವೂ ಇಲ್ಲದೆ ಉಳಿದಿರುವ ಒಂದು ದೃಶ್ಯವಿದೆ. ಅಹ್ಮದ್‌ನ ಶವ ಊರಿಗೆ ಬಂದಿದೆ. ಕಣ್ಣು ಕಾಣದ ಇಮಾಮ್ ಸಾಹೇಬರು, ಇದೇಕೆ ಎಲ್ಲರೂ ಇಷ್ಟು ಮೌನವಾಗಿದ್ದೀರಿ ಎಂದು ಕೇಳುತ್ತಾರೆ. ತಿಳಿದ ಮೇಲೆ ಮಗನ ಮೈ ತಡವಿ ಕುಸಿಯುತ್ತಾರೆ. ಊರವರು ಹೆದರಿದ್ದಾರೆ, ಜೈ ಮತ್ತು ವೀರುವನ್ನು ಊರಿನಿಂದ ಕಳಿಸಿಬಿಡಿ ಎನ್ನುತ್ತಿದ್ದಾರೆ. ಆಗ ಇಮಾಮರು ಮಾತಾಡುತ್ತಾರೆ. ತಂದೆಯ ಹೆಗಲಿಗೆ ಮಗನ ಜನಾಜಾಕ್ಕಿಂತ ದೊಡ್ಡ ಭಾರವಿಲ್ಲ, ಮುದುಕನಾದ ನಾನೇ ಅದನ್ನು ಹೊರುತ್ತಿರುವಾಗ ನಿಮ್ಮಿಂದ ಇಷ್ಟು ಕಷ್ಟ ಹೊರಲಾಗದೇ ಎಂಬ ಅರ್ಥದಲ್ಲಿ. ಅಷ್ಟರಲ್ಲಿ ಅಝಾನ್ ಕೇಳುತ್ತದೆ. ಅವರು ಮಸೀದಿಯ ಕಡೆ ಹೋಗುತ್ತಾರೆ.

ಬರೆದವರು ಸಲೀಂ ಖಾನ್ ಮತ್ತು ಜಾವೇದ್ ಅಖ್ತರ್. ಇಮಾಮರಾಗಿ ನಟಿಸಿದ ಎ. ಕೆ. ಹಾನಗಲ್ ಕಾಶ್ಮೀರಿ ಪಂಡಿತ ಮನೆತನದವರು, ರಾಜಕೀಯ ಹೋರಾಟಕ್ಕಾಗಿ ಕರಾಚಿಯ ಜೈಲು ಕಂಡವರು. ಮಗನನ್ನು ಕೊಂದ ಗಬ್ಬರ್ ಸಿಂಗ್‌ನ ವೇಷ ಅಮ್ಜದ್ ಖಾನ್‌ದು. ನಮ್ಮ ಸಿನೆಮಾ ಅಂದು ಹೆಸರು ನೋಡಿ ಪಾತ್ರ ಹಂಚುತ್ತಿರಲಿಲ್ಲ ಎಂಬುದೂ ನೆನಪಿಡಬೇಕಾದ ಮಾತು.

ಮಗಳು ಈ ದೃಶ್ಯದ ಬಗ್ಗೆಯೂ ತಕರಾರು ತೆಗೆದಳು. ಹಿಂದಿ ಸಿನೆಮಾದಲ್ಲಿ ಮುಸ್ಲಿಮ್ ಒಳ್ಳೆಯವನೆನಿಸಬೇಕಾದರೆ ಮಗನನ್ನಾದರೂ ಕೊಡಬೇಕು, ಪ್ರಾಣವನ್ನಾದರೂ ಕೊಡಬೇಕು, ಬರೀ ಬದುಕಿದ್ದರೆ ಸಾಲದೇ ಎಂದು. ಪ್ರಶ್ನೆ ನ್ಯಾಯವಾದದ್ದೇ. ಅಹ್ಮದ್ ಜಬಲ್‌ಪುರ ತಲುಪಿ, ಬೀಡಿ ಕಾರ್ಖಾನೆಯಲ್ಲಿ ದುಡಿದು, ಅಬ್ಬಾಗೆ ಮನಿಯಾರ್ಡರ್ ಕಳಿಸುವ ಕಥೆಯನ್ನು ಯಾರೂ ಬರೆಯಲಿಲ್ಲ. ಆ ತಕರಾರನ್ನು ಒಪ್ಪಿಕೊಂಡೇ ನಾನು ಮತ್ತೊಂದನ್ನು ಹೇಳುತ್ತೇನೆ. ಗಬ್ಬರ್‌ನಿಂದ ಮಗನನ್ನು ಕಳೆದುಕೊಂಡವರು ಆ ಊರಿನಲ್ಲಿ ಇಬ್ಬರು ಅಪ್ಪಂದಿರು. ಒಬ್ಬನಿಗೆ ಹಣವಿತ್ತು, ಬಂದೂಕು ಹಿಡಿಯುವವರನ್ನು ಕರೆಸಿದ. ಇನ್ನೊಬ್ಬರಿಗೆ ಏನೂ ಇರಲಿಲ್ಲ. ಅವರು ಯಾರ ತಲೆಯನ್ನೂ ಕೇಳಲಿಲ್ಲ, ಅನ್ಯಾಯಕ್ಕೆ ಬಗ್ಗಿರಿ ಎಂದೂ ಹೇಳಲಿಲ್ಲ. ಹೆದರಿದ ಊರನ್ನು ನಿಲ್ಲಿಸಿ ನಮಾಝಿಗೆ ಹೋದರು. ಚಿತ್ರದ ಕೊನೆ ಯಾವುದಾಗಬೇಕು ಎಂದು ಐವತ್ತು ವರ್ಷ ಚರ್ಚಿಸಿದ ನಾವು, ಸೇಡೂ ಅಲ್ಲದ, ತಡವಾಗಿ ಬರುವ ಪೊಲೀಸರನ್ನು ಕಾಯುತ್ತಾ ಕೂರುವುದೂ ಅಲ್ಲದ ಈ ಉತ್ತರದ ಕಡೆ ಅಷ್ಟಾಗಿ ನೋಡಿಲ್ಲ. ಊಟ ಹಾಕಿ ಹುಡುಗರನ್ನು ಕಳಿಸಿದ ರಾತ್ರಿ ಮಾಮು ಕೂಡ ಇದಕ್ಕೆ ಹತ್ತಿರದ್ದೇ ಏನನ್ನೋ ಮಾಡಿದ್ದರೆಂದು ನನಗನ್ನಿಸುತ್ತದೆ.

ಹೊಸ ಪ್ರತಿಯನ್ನು ಇನ್ನು ಮುಂದೆ ನೋಡುವವರು ಬದಲಾದ ಕೊನೆಗಾಗಿ ಕಾತರದಿಂದ ಕಾಯುತ್ತಾರೆ, ಅದು ಸಹಜ. ಠಾಕೂರ್ ಅಳುವವರೆಗೂ ಕುಳಿತಿರಲಿ. ಹಾಗೆಯೇ ಅದಕ್ಕೆ ಮುಂಚೆ, ಕುದುರೆ ಅಹ್ಮದ್‌ನನ್ನು ಊರಿಗೆ ತರುವ ಹೊತ್ತಿಗೆ, ಕೈಯಲ್ಲಿರುವ ಮೊಬೈಲನ್ನು ಸ್ವಲ್ಪ ಪಕ್ಕಕ್ಕಿಡಲಿ.